ಸಂಖ್ಯೆಯ ಜಾತಕ ಹೇಳುವ ಪೆಟ್ಟಿಗೆ: 198585576189ರ ಪರೀಕ್ಷೆ

ಹನ್ನೆರಡು ಅಂಕಿಯೊಳಗಿನ ಯಾವ ಸಂಖ್ಯೆಯನ್ನಾದರೂ ಒತ್ತಿದರೆ ಅದರ ಜಾತಕ ಹೇಳಬೇಕು. ಅವಿಭಾಜ್ಯ ಹೌದೋ ಅಲ್ಲವೋ, ಅಲ್ಲದಿದ್ದರೆ ಯಾವ ಯಾವ ಅವಿಭಾಜ್ಯಗಳ ಗುಣಲಬ್ಧ, ಭಾಜಕಗಳು ಎಷ್ಟು, ಅವುಗಳ ಮೊತ್ತ ಎಷ್ಟು, ಸಂಖ್ಯೆ ಪರಿಪೂರ್ಣವೋ ಸಮೃದ್ಧವೋ ನ್ಯೂನವೋ. ಉಡುಪಿಯ ಹೈಸ್ಕೂಲೊಂದರಲ್ಲಿ ಗಣಿತ ಕಲಿಸುವ ನನ್ನ ಅತ್ತಿಗೆ ಕೇಳಿದ್ದು ಇಂಥದೊಂದು ಪೆಟ್ಟಿಗೆಯನ್ನು. "ಮೊಬೈಲಲ್ಲಿ ಎಲ್ಲ ಸಿಗ್ತದೆ, ನಂಗೂ ಗೊತ್ತುಂಟು. ಮೊಬೈಲ್ ಕೈಗೆ ಕೊಟ್ರೆ ಮಕ್ಕಳು ಸಂಖ್ಯೆ ನೋಡ್ತಾರಾ ಮಾರಾಯಾ? ಸಂಖ್ಯೆ ಬಿಟ್ಟು ಬೇರೆ ಎಂತದೂ ಗೊತ್ತಿಲ್ಲದ ಪೆಟ್ಟಿಗೆ ಬೇಕು ನಂಗೆ."

ನಾನಿರುವುದು ಮಂಗಳೂರಲ್ಲಿ. ಸಾಮಾನುಗಳೆಲ್ಲ ಹಂಪನಕಟ್ಟೆ ಕಡೆ ಸಿಕ್ಕಿದವು. ಕಟ್ಟಿದ ಕೆಲಸವನ್ನು ಇಲ್ಲಿ ಬರೆದಿಡುತ್ತಿದ್ದೇನೆ. ಸೋಲ್ಡರಿಂಗ್ ಬಗ್ಗೆ ಹೇಳುವುದು ಕಡಿಮೆ, ಲೆಕ್ಕದ ಬಗ್ಗೆ ಜಾಸ್ತಿ. ಯಾಕೆಂದರೆ ಈ ಪೆಟ್ಟಿಗೆಯ ಕಷ್ಟ ಇರುವುದೆಲ್ಲ ಒಂದೇ ಕಡೆ, ಅಪವರ್ತನದಲ್ಲಿ. ಅವಿಭಾಜ್ಯ ಅಪವರ್ತನಗಳು ಸರಿಯಾಗಿ ಸಿಕ್ಕಿದರೆ ಉಳಿದದ್ದೆಲ್ಲ ಬರೀ ಗುಣಾಕಾರ. ಅವುಗಳಲ್ಲಿ ಒಂದು ಸುಳ್ಳಾದರೂ ಪರದೆಯ ಮೇಲಿನ ಪ್ರತಿ ಸಾಲೂ ಸುಳ್ಳು.

ಬೋರ್ಡು, ಪರದೆ, ಬಟನ್ನು

ಡ್ರಾಯರ್‌ನಲ್ಲಿ ಆರ್ಡುಯಿನೊ ಊನೊ ಎಂಬ ಹಳೆಯ ಪುಟ್ಟ ಕಂಪ್ಯೂಟರ್ ಬೋರ್ಡು ಇತ್ತು. ಅದನ್ನು ಬಳಸಲಿಲ್ಲ. 32 ಬಿಟ್‌ನ ಪೂರ್ಣಾಂಕ 4294967295ಕ್ಕೆ ಮುಗಿಯುತ್ತದೆ. ನಮ್ಮ ಮೊಬೈಲ್ ನಂಬರುಗಳು 6, 7, 8 ಅಥವಾ 9ರಿಂದ ಶುರುವಾಗುವ ಹತ್ತು ಅಂಕಿಗಳು. ಅಂದರೆ ಒಂದೇ ಒಂದು ಮೊಬೈಲ್ ನಂಬರೂ ಅದರಲ್ಲಿ ಹಿಡಿಸುವುದಿಲ್ಲ. ಮಕ್ಕಳು ಮೊದಲು ಒತ್ತುವುದೇ ಅಪ್ಪನ ನಂಬರು, ಅಲ್ವಾ? 64 ಬಿಟ್ ತೆಗೆದುಕೊಂಡರೂ ಪೂರ್ತಿ ಸಮಾಧಾನ ಇಲ್ಲ. ಮುಂದೆ ಬರುವ ಅವಿಭಾಜ್ಯ ಪರೀಕ್ಷೆಯಲ್ಲಿ ಹನ್ನೆರಡು ಅಂಕಿಯ ಎರಡು ಸಂಖ್ಯೆಗಳನ್ನು ಗುಣಿಸಬೇಕು. ಉತ್ತರ ಇಪ್ಪತ್ತನಾಲ್ಕು ಅಂಕಿಯವರೆಗೆ ಹೋಗುತ್ತದೆ. 64 ಬಿಟ್‌ನ ಮಿತಿ ಇಪ್ಪತ್ತು ಅಂಕಿಯ 18446744073709551615.

ಹಾಗಾಗಿ ರಾಸ್ಪ್‌ಬೆರಿ ಪೈ ಪಿಕೊ ಎಂಬ ಬೋರ್ಡು ತಂದೆ, ಅದರಲ್ಲಿ ಪೈಥಾನ್ ಭಾಷೆಯ ಪುಟ್ಟ ರೂಪವಾದ ಮೈಕ್ರೊಪೈಥಾನ್ ಹಾಕಿದೆ. ಮೈಕ್ರೊಪೈಥಾನ್‌ನಲ್ಲಿ ಪೂರ್ಣಾಂಕ ಎಷ್ಟು ಉದ್ದವಾದರೂ ಆಗಬಹುದು, ಮೆಮೊರಿ ಸಾಕಾದರೆ ಆಯಿತು. ಪಿಕೊದಲ್ಲಿ 264 ಕಿಲೋಬೈಟ್ ಇದೆ. ಇಪ್ಪತ್ತನಾಲ್ಕು ಅಂಕಿ ಅದಕ್ಕೆ ಲೆಕ್ಕಕ್ಕೇ ಇಲ್ಲ. ಸಿ ಭಾಷೆಯಲ್ಲಿ ಬರೆದರೆ ಇನ್ನೂ ಚುರುಕಾಗಿ ಓಡುತ್ತಿತ್ತು, ನಿಜ. ಆದರೆ ಮುಂದೊಂದು ದಿನ ಅತ್ತಿಗೆಯ ವಿದ್ಯಾರ್ಥಿಗಳೇ ಇದನ್ನು ಬಿಚ್ಚಿ ಓದಬೇಕು. ಪೈಥಾನ್ ಅವರಿಗೆ ಓದಲು ಬರುತ್ತದೆ.

ಪರದೆಗೆ 128×64 ಚುಕ್ಕೆಗಳ ಪುಟ್ಟ ಓಎಲ್‌ಇಡಿ. ಎಲ್ಲರ ಹತ್ತಿರ ಇರುವ ನೀಲಿ ಬಣ್ಣದ ಎಲ್‌ಸಿಡಿ ಬೇಡವೆಂದದ್ದಕ್ಕೆ ಎರಡು ಕಾರಣ. ಅದು 5 ವೋಲ್ಟ್ ಕೇಳುತ್ತದೆ, ಪಿಕೊದ ಪಿನ್ನುಗಳು 3.3 ವೋಲ್ಟಿನವು. ಮತ್ತೆ ಅದರಲ್ಲಿ ನಾವೇ ಮಾಡಿಕೊಳ್ಳಬಹುದಾದ ಅಕ್ಷರಗಳು ಎಂಟೇ, ಅದೂ 5×8 ಚುಕ್ಕೆಯ ಚೌಕದಲ್ಲಿ. ಅಷ್ಟರಲ್ಲಿ "ಸಮೃದ್ಧ" ಬರೆಯುವುದು ಸಾಧ್ಯವೇ ಇಲ್ಲ.

ಓಎಲ್‌ಇಡಿಯಲ್ಲೂ ಕನ್ನಡ ತನ್ನಷ್ಟಕ್ಕೆ ಬರುವುದಿಲ್ಲ. ಒತ್ತಕ್ಷರ ಎಲ್ಲಿ ಕೂರಬೇಕು, ಅರ್ಕಾವತ್ತು ಎಲ್ಲಿ ಎಂದು ನಿರ್ಧರಿಸುವ ತಂತ್ರಾಂಶ ಈ ಚಿಕ್ಕ ಚಿಪ್ಪಿನಲ್ಲಿ ಇಲ್ಲ. ಆದರೆ ನನಗೆ ಬೇಕಾದ ಪದಗಳು ಬೆರಳೆಣಿಕೆಯಷ್ಟು. ಅವನ್ನು ಲ್ಯಾಪ್‌ಟಾಪಿನಲ್ಲಿ ಜಿಂಪ್ ಎಂಬ ಚಿತ್ರ ಬಿಡಿಸುವ ತಂತ್ರಾಂಶ ತೆರೆದು ನೋಟೊ ಸ್ಯಾನ್ಸ್ ಕನ್ನಡದ ದಪ್ಪ ಅಕ್ಷರದಲ್ಲಿ ಬರೆದು, ಕಪ್ಪು-ಬಿಳುಪು ಚಿತ್ರವಾಗಿ ಉಳಿಸಿಕೊಂಡೆ. ಪಿಬಿಎಂ ಎಂಬ ಚಿತ್ರದ ವಿಧಾನದಲ್ಲಿ ಕಪ್ಪು ಚುಕ್ಕೆಗೆ 1. ಪರದೆಯಲ್ಲಿ ಉರಿಯುವ ಚುಕ್ಕೆಗೂ 1. ಹಾಗಾಗಿ ತಿರುಗಿಸುವ ಕೆಲಸವಿಲ್ಲದೆ ನೇರವಾಗಿ ಕೂರುತ್ತದೆ. 16 ಚುಕ್ಕೆ ಎತ್ತರದಲ್ಲಿ ಒತ್ತಕ್ಷರಗಳು ಕಲೆಸಿಹೋಗುತ್ತವೆ. 24 ಚುಕ್ಕೆ ಕೊಟ್ಟರೆ "ಪರಿಪೂರ್ಣ"ದ ಅರ್ಕಾವತ್ತೂ ಕಾಣುತ್ತದೆ. ಪರದೆಯ ಅಗಲದಷ್ಟು ಉದ್ದದ ಒಂದು ಪದಕ್ಕೆ 384 ಬೈಟ್ ಸಾಕು.

ಅಲ್ಪವಿರಾಮದ ತಮಾಷೆ ಕೇಳಿ. ಈ ಪರದೆಯಲ್ಲಿ ಒಂದು ಸಾಲಿಗೆ 16 ಅಕ್ಷರ ಹಿಡಿಸುತ್ತವೆ. ಹನ್ನೆರಡು ಅಂಕಿಗಳನ್ನು ನಮ್ಮ ಲಕ್ಷ-ಕೋಟಿ ಪದ್ಧತಿಯಲ್ಲಿ ಬರೆದರೆ ಐದು ಅಲ್ಪವಿರಾಮ ಬೇಕು. ಒಟ್ಟು 17. ಒಂದೇ ಒಂದು ಜಾಸ್ತಿ! ವಿದೇಶಿ ಪದ್ಧತಿಯಂತೆ ಮೂರು ಮೂರು ಅಂಕಿಗೆ ಹಾಕಿದರೆ ಹಿಡಿಸುತ್ತಿತ್ತು, ಆದರೆ ಉಡುಪಿಯ ಮಕ್ಕಳು ಕೋಟಿ ಲೆಕ್ಕದಲ್ಲೇ ಓದಬೇಕು ಎಂಬ ಹಟ ನನ್ನದು. ಕೊನೆಗೆ ಅಲ್ಪವಿರಾಮವನ್ನು ಅಕ್ಷರವಾಗಿ ಬರೆಯುವ ಬದಲು ನಾಲ್ಕು ಚುಕ್ಕೆ ಅಗಲದ ಗೀರಾಗಿ ಎಳೆದೆ. ಅಂಕಿಗಳಿಗೆ 96 ಚುಕ್ಕೆ, ಗೀರುಗಳಿಗೆ 20. ಆರಾಮಾಗಿ ಕೂತಿತು.

ಕೀಪ್ಯಾಡ್ ಕೈಕೊಟ್ಟಿತು. ತೆಳು ಹಾಳೆಯಂಥ 4×4 ಕೀಪ್ಯಾಡ್ ಸಿಗುತ್ತದಲ್ಲ, ಅದು. ಬ್ರೆಡ್‌ಬೋರ್ಡ್ ಮೇಲೆ ಚೆನ್ನಾಗಿತ್ತು. ಪೆಟ್ಟಿಗೆಯೊಳಗೆ ಮಡಚಿ ಕೂರಿಸಿದ ಮೇಲೆ 3, 6, 9 ಮತ್ತು ಹ್ಯಾಶ್ ಬಟನ್ ಒಮ್ಮೆ ಬರುತ್ತವೆ, ಒಮ್ಮೆ ಇಲ್ಲ. ನಾಲ್ಕೂ ಒಂದೇ ಕಂಬದವು, ಹಾಗಾಗಿ ಜಾಗ ಹುಡುಕುವುದು ಸುಲಭ. ಮಲ್ಟಿಮೀಟರನ್ನು ಬೀಪ್‌ಗೆ ಇಟ್ಟು ಪಟ್ಟಿಯಲ್ಲಿ ಆ ಕಂಬದ ಗೆರೆ ನೋಡಿದರೆ, ಮಡಚಿದ ಕಡೆ ಬಿಟ್ಟು ಬಿಟ್ಟು ಕೂಗುತ್ತಿತ್ತು. ಆ ಗೆರೆ ತಾಮ್ರದ್ದಲ್ಲ, ಪ್ಲಾಸ್ಟಿಕ್ ಮೇಲೆ ಅಚ್ಚು ಹಾಕಿದ್ದು. ಬೆಸುಗೆ ಹಾಕಿದರೆ ಪ್ಲಾಸ್ಟಿಕ್ಕೇ ಕರಗುತ್ತದೆ. ಅದನ್ನು ಕಿತ್ತು, ಜೀರೋ ಪಿಸಿಬಿ (ತೂತುಗಳಿರುವ ಖಾಲಿ ಬೋರ್ಡು) ಮೇಲೆ ಹದಿನಾರು ಪುಶ್ ಬಟನ್ ಕೂರಿಸಿದೆ. ಶಾಲೆಯ ಮಕ್ಕಳ ಬೆರಳಿಗೆ ಇದೇ ಸರಿ.

ಪವರ್ ಬ್ಯಾಂಕ್ ಬೇಡ. ಈ ಪೆಟ್ಟಿಗೆ ಎಳೆಯುವ ಕರೆಂಟ್ ಎಷ್ಟು ಕಡಿಮೆ ಎಂದರೆ ಹೆಚ್ಚಿನ ಪವರ್ ಬ್ಯಾಂಕುಗಳು ಏನೂ ಜೋಡಿಸಿಲ್ಲ ಎಂದುಕೊಂಡು ತಾವೇ ಆಫ್ ಆಗುತ್ತವೆ. ಪೆನ್‌ಸೆಲ್ ಮೂರು ಹಾಕಿದರೆ ಸಾಕು. ಪಿಕೊಗೆ ಕರೆಂಟ್ ಕೊಡುವ ವಿಸಿಸ್ (VSYS) ಪಿನ್ 1.8ರಿಂದ 5.5 ವೋಲ್ಟ್‌ವರೆಗೆ ತಡೆದುಕೊಳ್ಳುತ್ತದೆ. ಶಾಲೆ ಇರುವುದು ಮಲ್ಪೆ ಕಡೆ. ಉಪ್ಪು ಗಾಳಿಗೆ ತಾಮ್ರ ಹಸಿರಾಗಲು ಒಂದು ಮಳೆಗಾಲ ಸಾಕು. ಬೆಸುಗೆ ಹಾಕಿದ ಕಡೆಗೆಲ್ಲ ಬಣ್ಣವಿಲ್ಲದ ನೈಲ್ ಪಾಲಿಶ್ ಬಳಿದೆ. ಹೊರಗಿನ ಪೆಟ್ಟಿಗೆ ಪಿವಿಸಿ ಸ್ವಿಚ್ ಬಾಕ್ಸ್. ಅದರ ಬಗ್ಗೆ ಹೇಳುವಂಥದ್ದು ಏನಿಲ್ಲ.

ಅಪವರ್ತನ

ಶಾಲೆಯಲ್ಲಿ ಕಲಿಸುವ ದಾರಿಯಿಂದಲೇ ಶುರು. 2ರಿಂದ ಭಾಗಿಸು, 3ರಿಂದ ಭಾಗಿಸು, ಆಮೇಲೆ 5, 7, 11, 13 ಹೀಗೆ ವರ್ಗಮೂಲದವರೆಗೆ. ಹನ್ನೆರಡು ಅಂಕಿಯ ಸಂಖ್ಯೆಯ ವರ್ಗಮೂಲ ಹತ್ತು ಲಕ್ಷದೊಳಗೆ. ಹೆಚ್ಚಿನ ಸಂಖ್ಯೆಗಳಿಗೆ ಅಷ್ಟು ದೂರ ಹೋಗಬೇಕಾಗಿಲ್ಲ, ಚಿಕ್ಕ ಅಪವರ್ತನಗಳು ಸಿಕ್ಕ ಹಾಗೆ ಸಂಖ್ಯೆ ಕರಗುತ್ತಾ ಹೋಗುತ್ತದೆ. ತೊಂದರೆ ಕೊಡುವುದು ಎರಡು ಜಾತಿ. ಒಂದು, ಸಂಖ್ಯೆಯೇ ದೊಡ್ಡ ಅವಿಭಾಜ್ಯವಾಗಿರುವುದು. ಹನ್ನೆರಡು ಅಂಕಿಯಲ್ಲಿ ಎಲ್ಲಕ್ಕಿಂತ ದೊಡ್ಡ ಅವಿಭಾಜ್ಯ 999999999989. ಇನ್ನೊಂದು, ಎರಡು ದೊಡ್ಡ ಅವಿಭಾಜ್ಯಗಳ ಗುಣಲಬ್ಧ. 999979×999983 = 999962000357 ಅಂಥದ್ದು. ಇವನ್ನು ಒತ್ತಿದರೆ ಪರದೆ ಸುಮ್ನೆ ನಿಂತುಬಿಡುತ್ತದೆ. ಹಾಳಾಯಿತೆಂದು ಮಕ್ಕಳು ಸಿಕ್ಕ ಬಟನ್ನೆಲ್ಲ ಒತ್ತುತ್ತಾರೆ.

ಮೊದಲ ಜಾತಿಗೆ ಮಿಲ್ಲರ್-ರಾಬಿನ್ ಪರೀಕ್ಷೆ. ಒಂದು ಸಂಖ್ಯೆ ಅವಿಭಾಜ್ಯವಾಗಿದ್ದರೆ 2, 3ರಂಥ ಆಧಾರಗಳ ಘಾತಗಳನ್ನು ಅದರಿಂದ ಭಾಗಿಸಿದಾಗ ಶೇಷ ಇಂತಿಂಥದ್ದೇ ಬರಬೇಕು ಎಂಬ ನಿಯಮ ಇದೆ. ಶೇಷ ಬೇರೆ ಬಂದರೆ ಅದು ಅವಿಭಾಜ್ಯ ಅಲ್ಲವೇ ಅಲ್ಲ. ಸರಿಯಾಗಿ ಬಂದರೆ "ಬಹುಶಃ ಹೌದು" ಅಷ್ಟೇ. ಆಧಾರ 2 ಒಂದನ್ನೇ ನಂಬಿದರೆ 2047 ಮೋಸ ಮಾಡುತ್ತದೆ. ಅದು 23×89, ಆದರೂ ಪರೀಕ್ಷೆ ದಾಟುತ್ತದೆ. ಆದರೆ 2, 3, 5, 7, 11 ಈ ಐದನ್ನೂ ದಾಟುವ ಸುಳ್ಳು ಅವಿಭಾಜ್ಯ 2152302898747ಕ್ಕಿಂತ ಕೆಳಗೆ ಒಂದೂ ಇಲ್ಲ. ಅದು ಎರಡು ಲಕ್ಷ ಕೋಟಿಗೂ ಮೇಲೆ. ನಮ್ಮ ಹನ್ನೆರಡು ಅಂಕಿ ಒಂದು ಲಕ್ಷ ಕೋಟಿಯೊಳಗೆ ಮುಗಿಯುತ್ತದೆ. ಹಾಗಾಗಿ ಈ ಪೆಟ್ಟಿಗೆಯ ಮಟ್ಟಿಗೆ "ಬಹುಶಃ" ಎಂಬ ಮಾತೇ ಇಲ್ಲ. ಹೌದೆಂದರೆ ಹೌದು.

ಎರಡನೇ ಜಾತಿಗೆ ಪೊಲಾರ್ಡ್‌ನ ರೋ ವಿಧಾನ, 1975ರದ್ದು. ಒಂದು ಸಂಖ್ಯೆಯಿಂದ ಹೊರಟು, ವರ್ಗ ಮಾಡಿ 1 ಕೂಡಿಸಿ ಶೇಷ ತೆಗೆಯುತ್ತಾ ಹೋಗಬೇಕು. ಒಂದು ಸರಣಿ ಒಂದೊಂದೇ ಹೆಜ್ಜೆ, ಇನ್ನೊಂದು ಎರಡೆರಡು ಹೆಜ್ಜೆ. ಎರಡರ ವ್ಯತ್ಯಾಸಕ್ಕೂ ಮೂಲ ಸಂಖ್ಯೆಗೂ ಮಹತ್ತಮ ಸಾಮಾನ್ಯ ಅಪವರ್ತನ ನೋಡುತ್ತಿದ್ದರೆ, ಯಾವಾಗಲೋ ಒಮ್ಮೆ 1 ಬಿಟ್ಟು ಬೇರೆ ಬರುತ್ತದೆ. ಅದೇ ಅಪವರ್ತನ. ಭಾಗಿಸುತ್ತಾ ಹೋದರೆ ಲಕ್ಷಗಟ್ಟಲೆ ಹೆಜ್ಜೆ ಬೇಕಾದ ಕಡೆ ಇದು ಸಾವಿರದ ಆಸುಪಾಸಿನಲ್ಲಿ ಮುಗಿಸುತ್ತದೆ.

ಪರಿಪೂರ್ಣ, ಸಮೃದ್ಧ, ನ್ಯೂನ ಎಂದು ಹೇಳುವುದು ಹೀಗೆ. ಸಂಖ್ಯೆಯ ಎಲ್ಲ ಭಾಜಕಗಳನ್ನು, ಸಂಖ್ಯೆಯನ್ನೂ ಸೇರಿಸಿ, ಕೂಡಬೇಕು. ಮೊತ್ತ ಸಂಖ್ಯೆಯ ಸರಿಯಾಗಿ ಎರಡು ಪಟ್ಟಾದರೆ ಪರಿಪೂರ್ಣ. ಮೀರಿದರೆ ಸಮೃದ್ಧ. ಮುಟ್ಟದಿದ್ದರೆ ನ್ಯೂನ. ಅಷ್ಟೂ ಭಾಜಕಗಳನ್ನು ಪಟ್ಟಿ ಮಾಡಬೇಕಾಗಿಲ್ಲ, ಪ್ರತಿ ಅವಿಭಾಜ್ಯದಿಂದಲೂ ಒಂದೊಂದು ಪಾಲು ಬರುತ್ತದೆ. 3² ಇದ್ದರೆ 1+3+9 = 13. 13ನ್ನು 9ರಿಂದ ಭಾಗಿಸಿದರೆ 1.44444. ಇಂಥ ಪಾಲುಗಳನ್ನೆಲ್ಲ ಗುಣಿಸಿದರೆ ಎಷ್ಟು ಪಟ್ಟು ಎಂದು ಗೊತ್ತಾಗುತ್ತದೆ. ಒಂದೊಂದು ಅವಿಭಾಜ್ಯ ಸಿಕ್ಕಿದಾಗಲೂ ಈ ಪಟ್ಟು ಏರುವುದನ್ನು ಪರದೆಯಲ್ಲಿ ಸಾಲು ಸಾಲಾಗಿ ತೋರಿಸಿದೆ. ಇದು ಅತ್ತಿಗೆ ಕೇಳಿದ್ದಲ್ಲ, ನನ್ನದೇ ಸೇರ್ಪಡೆ. ಇಡೀ ಪೆಟ್ಟಿಗೆಯಲ್ಲಿ ನನಗೆ ಇಷ್ಟವಾದ ಭಾಗವೂ ಇದೇ.

ಒಂದು ಎಚ್ಚರಿಕೆ. ಈ ಪಟ್ಟನ್ನು ದಶಮಾಂಶ ಸಂಖ್ಯೆಯಾಗಿ ಇಟ್ಟುಕೊಂಡು 2ಕ್ಕೆ ಹೋಲಿಸಬೇಡಿ. ಪಿಕೊದ ಮೈಕ್ರೊಪೈಥಾನ್‌ನಲ್ಲಿ ದಶಮಾಂಶಕ್ಕೆ ಸುಮಾರು ಏಳು ಅಂಕಿಯ ನಿಖರತೆ ಮಾತ್ರ. 2³⁹ ಅಂದರೆ 549755813888 ತೆಗೆದುಕೊಳ್ಳಿ. ಅದರ ಭಾಜಕಗಳ ಮೊತ್ತ ಎರಡು ಪಟ್ಟಿಗಿಂತ ಸರಿಯಾಗಿ 1 ಕಡಿಮೆ. ದಶಮಾಂಶದಲ್ಲಿ ಅದು 2 ಎಂದೇ ಕಾಣುತ್ತದೆ, ಪೆಟ್ಟಿಗೆ ಪರಿಪೂರ್ಣ ಎಂದು ಸಾರಿಬಿಡುತ್ತದೆ. ಹೋಲಿಕೆ ಪೂರ್ಣಾಂಕದಲ್ಲೇ ಆಗಬೇಕು. ತೋರಿಸುವಾಗಲೂ ನಾನು ದುಂಡಾಗಿಸುವುದಿಲ್ಲ, ಐದು ದಶಮಾಂಶಕ್ಕೆ ಕತ್ತರಿಸುತ್ತೇನೆ. 1.99999 ಎಂದು ಕಂಡರೆ ಎರಡಾಗಿಲ್ಲ ಎಂದು ಯಾರಿಗಾದರೂ ಗೊತ್ತಾಗುತ್ತದೆ.

ಪರೀಕ್ಷೆಗೆ ಹಾಕಿದ ಸಂಖ್ಯೆಗಳು

ಮೊದಲು ಪಿನ್‌ಕೋಡ್. ಮಂಗಳೂರಿನ 575001 ಬಂದದ್ದು 3²×7×9127 ಎಂದು. ಹನ್ನೆರಡು ಭಾಜಕ, ಪಟ್ಟು 1.65, ನ್ಯೂನ. ಉಡುಪಿಯ 576101 ಒತ್ತಿದರೆ ಒಂದೇ ಪದ: ಅವಿಭಾಜ್ಯ. ಅತ್ತಿಗೆಗೆ ಫೋನ್ ಮಾಡಿ ಹೇಳಿದೆ. "ಮತ್ತೆಂತ? ನಮ್ಮೂರನ್ನು ಯಾರಿಗೂ ಒಡೆಯಲಿಕ್ಕೆ ಆಗುದಿಲ್ಲ" ಎಂದು ನಗಾಡಿದರು. ಪೆಟ್ಟಿಗೆಯ ಮಾತನ್ನು ಹಾಗೇ ನಂಬದೆ, 759ರೊಳಗಿನ ಪ್ರತಿ ಅವಿಭಾಜ್ಯದಿಂದಲೂ ಭಾಗಿಸಿ ನೋಡುವ ಕೆಲಸವನ್ನು ಅವರು ಒಂದು ತರಗತಿಗೆ ಹಂಚಿಕೊಟ್ಟರಂತೆ. ಯಾವುದರಿಂದಲೂ ನಿಶ್ಶೇಷವಾಗಿ ಹೋಗಲಿಲ್ಲ.

ಪರಿಪೂರ್ಣ ಸಂಖ್ಯೆಗಳು ಹನ್ನೆರಡು ಅಂಕಿಯೊಳಗೆ ಇರುವುದು ಏಳೇ: 6, 28, 496, 8128, 33550336, 8589869056, 137438691328. ಎಂಟನೆಯದು ಹತ್ತೊಂಬತ್ತು ಅಂಕಿ, ನಮ್ಮ ಪರದೆಯಿಂದ ಆಚೆ. ಏಳಕ್ಕೂ ಸರಿಯಾದ ಉತ್ತರ ಬಂತು. ಹರ್ಷದ್ ಸಂಖ್ಯೆಯನ್ನೂ ಹಾಕಿ ನೋಡಿದೆ. ಹರ್ಷದ್ ಎಂದರೆ ತನ್ನ ಅಂಕಿಗಳ ಮೊತ್ತದಿಂದ ನಿಶ್ಶೇಷವಾಗಿ ಭಾಗವಾಗುವುದು. ಈ ಹೆಸರು ಇಟ್ಟದ್ದು ಮಹಾರಾಷ್ಟ್ರದ ದೇವಲಾಲಿಯಲ್ಲಿ ಶಾಲಾ ಮೇಷ್ಟ್ರಾಗಿದ್ದ ಡಿ. ಆರ್. ಕಾಪ್ರೇಕರ್. ಅವರ ಹೆಸರಿನಲ್ಲೇ ಪ್ರಸಿದ್ಧವಾದ 6174 ಕೂಡ ಹರ್ಷದ್. ಅಂಕಿಗಳ ಮೊತ್ತ 18, ಭಾಗಿಸಿದರೆ 343. ಅದು 7ರ ಘನ.

ಮಕ್ಕಳು ಖಂಡಿತ ಮಾಡುವ ಒಂದು ಕೆಲಸ ಇದೆ. 1ರ ಮೇಲೆ ಬೆರಳಿಟ್ಟು ತುಂಬುವಷ್ಟೂ ಒತ್ತುವುದು. ಅದನ್ನೂ ನೋಡಿದೆ. 111111111111 = 3×7×11×13×37×101×9901. ಹನ್ನೆರಡರ ಬದಲು ಆರು ಒಂದುಗಳಾದರೆ 111111 = 3×7×11×13×37. ಈ ಐದು ಅವಿಭಾಜ್ಯಗಳನ್ನು ನೆನಪಿಟ್ಟುಕೊಳ್ಳಿ.

ಇನ್ನು ನನಗೆ ನಿಜಕ್ಕೂ ಬೇಕಿದ್ದ ಎರಡು ಸಂಖ್ಯೆಗಳು.

ಒಂದು ನಮ್ಮ ಕನ್ನಡ ನಾಡಿನದು. ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು 850ರಲ್ಲಿ, ಮಹಾವೀರಾಚಾರ್ಯ ಗಣಿತಸಾರಸಂಗ್ರಹ ಬರೆದ. ಅದರ ಗುಣಾಕಾರದ ಭಾಗದಲ್ಲಿ, ಎರಡೂ ಕಡೆಯಿಂದ ಒಂದೇ ರೀತಿ ಕಾಣುವ, ಕೊರಳಹಾರದಂಥ ಉತ್ತರ ಬರುವ ಲೆಕ್ಕಗಳಿವೆ. 152207ನ್ನು 73ರಿಂದ ಗುಣಿಸಿದರೆ 11111111. 27994681ನ್ನು 441ರಿಂದ ಗುಣಿಸಿದರೆ 12345654321. ಒಂದರಿಂದ ಆರರವರೆಗೆ ಏರಿ ಮತ್ತೆ ಇಳಿಯುವ ಸಂಖ್ಯೆ. ಪೆಟ್ಟಿಗೆಗೆ ಇದನ್ನು ಕೊಟ್ಟಾಗ ಬಂದ ಸಾಲುಗಳು:

3² 1.44444
7² 1.68027
11² 1.84691
13² 1.99990
37² 2.05542

ಇದು 111111ರ ವರ್ಗ. ಅದಕ್ಕೇ ಐದೂ ಅವಿಭಾಜ್ಯಗಳು ಎರಡೆರಡು ಸಲ. 243 ಭಾಜಕಗಳು. ಮೊತ್ತ 25375524993, ಎರಡು ಪಟ್ಟಿಗಿಂತ 684216351 ಜಾಸ್ತಿ. ಸಮೃದ್ಧ. ಬೆಸ ಸಂಖ್ಯೆಗಳು ಸಮೃದ್ಧವಾಗುವುದು ಅಪರೂಪ. ಎಲ್ಲಕ್ಕಿಂತ ಚಿಕ್ಕದೇ 945. ಮಹಾವೀರನ ಈ ಸಂಖ್ಯೆ 5ರ ಸಹಾಯವೂ ಇಲ್ಲದೆ ಸಮೃದ್ಧವಾಗಿದೆ.

ಆದರೆ ನನ್ನ ಕಣ್ಣು ನಿಂತದ್ದು ನಾಲ್ಕನೇ ಸಾಲಿನಲ್ಲಿ. 1.99990. ಎರಡಕ್ಕೆ ಕೂದಲೆಳೆಯಷ್ಟು ಕಡಿಮೆ. 37 ಬಾರದಿದ್ದರೆ ಸಂಖ್ಯೆ 9018009 ಆಗಿರುತ್ತಿತ್ತು, ಅಂದರೆ 3003ರ ವರ್ಗ. (3003ಕ್ಕೆ ಬೇರೊಂದು ಹೆಸರೂ ಇದೆ. ಪ್ಯಾಸ್ಕಲ್ ತ್ರಿಕೋನದಲ್ಲಿ, ಅಂದರೆ ಮೇಲಿನ ಎರಡೆರಡು ಸಂಖ್ಯೆ ಕೂಡಿಸಿ ಕೆಳಗೆ ಬರೆಯುತ್ತಾ ಹೋಗುವ ತ್ರಿಕೋನದಲ್ಲಿ, ಎಂಟು ಸಲ ಬರುತ್ತದೆಂದು ಗೊತ್ತಿರುವ ಸಂಖ್ಯೆ ಅದೊಂದೇ.) 9018009ರ ಭಾಜಕಗಳ ಮೊತ್ತ 18035199. ಎರಡು ಪಟ್ಟು ಆಗಬೇಕಿದ್ದರೆ 18036018. ಕೊರತೆ ಬರೀ 819.

ಈ 819ನ್ನು ತುಂಬಲು ಇನ್ನೊಂದು ಅವಿಭಾಜ್ಯ ತಂದು ಗುಣಿಸಿದರೆ? 18036018ನ್ನು 819ರಿಂದ ಭಾಗಿಸಿದರೆ ಸರಿಯಾಗಿ 22022. 18035199ನ್ನು ಭಾಗಿಸಿದರೆ ಸರಿಯಾಗಿ 22021. ಅಂದರೆ 22021 ಎಂಬ ಅವಿಭಾಜ್ಯ ಒಂದು ಸಲ ಸೇರಿದರೆ ಅದರ ಪಾಲು 22022/22021, ಪಟ್ಟು ಸರಿಯಾಗಿ 2. ಪರಿಪೂರ್ಣ, ಅದೂ ಬೆಸ ಸಂಖ್ಯೆ! ಬೆಸ ಪರಿಪೂರ್ಣ ಸಂಖ್ಯೆ ಈವರೆಗೆ ಒಂದೂ ಸಿಕ್ಕಿಲ್ಲ. ಇದ್ದರೆ ಅದು 10ರ 1500ನೇ ಘಾತಕ್ಕಿಂತ ದೊಡ್ಡದಿರಬೇಕು ಎಂದು ಓಶೆಮ್ ಮತ್ತು ರಾವ್ ಎಂಬ ಸಂಶೋಧಕರು 2012ರಲ್ಲಿ ತೋರಿಸಿದ್ದಾರೆ.

ಈ ಲೆಕ್ಕ ನನ್ನದಲ್ಲ. ಫ್ರಾನ್ಸಿನ ತತ್ವಜ್ಞಾನಿ, ಗಣಿತಜ್ಞ ರೆನೆ ಡೆಕಾರ್ಟ್ 1638ರಲ್ಲಿ ಇನ್ನೊಬ್ಬ ಗಣಿತಜ್ಞ ಮರ್ಸೆನ್‌ಗೆ ಬರೆದ ಪತ್ರದಲ್ಲಿರುವುದು ಇದೇ. 9018009×22021 = 198585576189. ನಮ್ಮ ಭಾಷೆಯಲ್ಲಿ 19,858 ಕೋಟಿ 55 ಲಕ್ಷ 76 ಸಾವಿರದ 189. ಮಹಾವೀರನ ಹಾರದ ಸಂಖ್ಯೆಯೂ ಡೆಕಾರ್ಟ್‌ನ ಸಂಖ್ಯೆಯೂ ಒಂದೇ 3003ರ ವರ್ಗದ ಮೇಲೆ ನಿಂತಿವೆ. ಒಬ್ಬನಿಗೆ ಬೇಕಿದ್ದದ್ದು ನೋಡಲು ಚೆಂದದ ಗುಣಲಬ್ಧ, ಇನ್ನೊಬ್ಬನಿಗೆ ಭಾಜಕಗಳ ಮೊತ್ತ. ಇಬ್ಬರಿಗೂ ಸಂಬಂಧವೇ ಇಲ್ಲ, ಆದರೂ ಪರದೆಯ ಮೇಲೆ ಮೊದಲ ನಾಲ್ಕು ಸಾಲು ಅಕ್ಷರಶಃ ಒಂದೇ. ಆಮೇಲೆ ದಾರಿ ಬೇರೆಯಾಗುತ್ತದೆ:

19² 2.11070
61 2.14530

22021 ಅವಿಭಾಜ್ಯ ಅಲ್ಲ. 19×19×61. ಹಾಗಾಗಿ ನಿಜವಾದ ಮೊತ್ತ 426027470778. ಭಾಜಕಗಳು 486. ಎರಡು ಪಟ್ಟಿಗಿಂತ 28856318400 ಜಾಸ್ತಿ, ಅಂದರೆ ಸಮೃದ್ಧ. ಪರಿಪೂರ್ಣದಿಂದ ಬಲು ದೂರ.

ಪೆಟ್ಟಿಗೆಯ ಪರೀಕ್ಷೆಗೆ ಇದಕ್ಕಿಂತ ಒಳ್ಳೆಯ ಸಂಖ್ಯೆ ನನಗೆ ಸಿಕ್ಕಿಲ್ಲ. ಅಪವರ್ತನದಲ್ಲಿ ಸೋಮಾರಿತನ ಮಾಡಿ, 13ರವರೆಗೆ ಭಾಗಿಸಿ "ಉಳಿದದ್ದು ಅವಿಭಾಜ್ಯ ಇರಬೇಕು" ಎಂದು ಬಿಟ್ಟರೆ, ಪರದೆಯಲ್ಲಿ ಗಣಿತದ ಇತಿಹಾಸವನ್ನೇ ಬದಲಿಸುವ ಉತ್ತರ ಬರುತ್ತದೆ. ಮಿಲ್ಲರ್-ರಾಬಿನ್ ಇರುವುದರಿಂದ ಹಾಗಾಗುವುದಿಲ್ಲ. ಆಧಾರ 2ರಲ್ಲೇ 22021 ಸಿಕ್ಕಿಬೀಳುತ್ತದೆ.

ಡಿ ಬಟನ್

ಪೆಟ್ಟಿಗೆ ಉಡುಪಿಗೆ ಹೋದ ಮೇಲೆ ಅತ್ತಿಗೆ ಇನ್ನೊಂದು ಕೇಳಿದರು. ಡೆಕಾರ್ಟ್ ಕಂಡದ್ದನ್ನೂ ಮಕ್ಕಳಿಗೆ ತೋರಿಸಬೇಕಂತೆ. "ಸುಳ್ಳು ಹೇಳಿದ್ರೆ ಎಂತ ಆಗ್ತದೆ ಅಂತ ಅವರಿಗೆ ಕಾಣ್ಬೇಕು" ಎಂದರು. ಡಿ ಬಟನ್ ಖಾಲಿ ಇತ್ತು. ಅದನ್ನು ಒತ್ತಿ ಅಪವರ್ತನಗಳನ್ನು ಒಂದೊಂದಾಗಿ ನೀವೇ ಕೊಟ್ಟರೆ, ಪೆಟ್ಟಿಗೆ ಪ್ರಶ್ನೆ ಕೇಳದೆ ಎಲ್ಲವನ್ನೂ ಅವಿಭಾಜ್ಯ ಎಂದು ನಂಬಿ ಲೆಕ್ಕ ಹಾಕುತ್ತದೆ. ನಂಬಿದ್ದರಲ್ಲಿ ಸುಳ್ಳು ಯಾವುದು ಎಂದು ಆಮೇಲೆ ನಕ್ಷತ್ರ ಹಾಕಿ ತೋರಿಸುತ್ತದೆ. 3², 7², 11², 13², 22021 ಕೊಟ್ಟರೆ 2.00000, 22021ರ ಪಕ್ಕ ಒಂದು ನಕ್ಷತ್ರ. "ಪರಿಪೂರ್ಣ" ಪದದ ಮುಂದೆ ಪ್ರಶ್ನೆ ಚಿಹ್ನೆ.

ಒಂಬತ್ತನೇ ಕ್ಲಾಸಿನ ಹುಡುಗನೊಬ್ಬ ಇದನ್ನು ಚಿಕ್ಕ ಸಂಖ್ಯೆಗಳ ಮೇಲೆ ಆಡಿಸಿ 60 ಹಿಡಿದ. 3, 4, 5 ಕೊಟ್ಟರೆ ಪಟ್ಟು ಸರಿಯಾಗಿ ಎರಡು, 4ಕ್ಕೆ ನಕ್ಷತ್ರ. ಬಿಡಿಸಿ ನೋಡಿದರೆ ಸುಲಭ: 4/3 × 5/4 × 6/5. ನಡುವಿನವು ಹೊಡೆದುಹೋಗಿ 6/3 ಉಳಿಯುತ್ತದೆ. 4, 5, 6, 7 ಕೊಟ್ಟರೂ ಹಾಗೇ, 8/4. ಸಂಖ್ಯೆ 840, ಸುಳ್ಳು ಎರಡು. 5ರಿಂದ 9ರವರೆಗೆ ಕೊಟ್ಟರೆ 15120, ಸುಳ್ಳು ಮೂರು. ಹಿಂದಕ್ಕೆ ಬಂದರೆ 2, 3. ಸಂಖ್ಯೆ 6, ಸುಳ್ಳೇ ಇಲ್ಲ, ನಿಜವಾದ ಪರಿಪೂರ್ಣ. ಈ ಸಾಲು ಎಷ್ಟು ದೂರ ಹೋದರೂ ನಡುವೆ ಒಂದಾದರೂ ಸಮ ಸಂಖ್ಯೆ ಇದ್ದೇ ಇರುತ್ತದೆ. ಹಾಗಾಗಿ ಬೆಸ ಉತ್ತರ ಬರುವುದಿಲ್ಲ.

ಬೆಸ ಸಂಖ್ಯೆಯಲ್ಲಿ, ಒಂದೇ ಸುಳ್ಳು ಹೇಳಿ ಎರಡು ಪಟ್ಟು ಮಾಡುವುದು ಸಾಧ್ಯವಾ ಎಂದು ಆ ಹುಡುಗ ಈಗ ಹುಡುಕುತ್ತಿದ್ದಾನೆ. ಡೆಕಾರ್ಟ್‌ನದ್ದನ್ನು ಬಿಟ್ಟರೆ ಅಂಥ ಸಂಖ್ಯೆ ಇನ್ನೊಂದು ಇವತ್ತಿಗೂ ಯಾರಿಗೂ ಸಿಕ್ಕಿಲ್ಲ ಎಂದು ಅತ್ತಿಗೆ ಅವನಿಗೆ ಹೇಳಿದ್ದಾರೆ. ಅವನು ನಿಲ್ಲಿಸಿಲ್ಲ. ಅವನಿಗೋಸ್ಕರ ಡಿ ಬಟನ್‌ನಲ್ಲಿ ಸುಳ್ಳು ಒಂದಕ್ಕಿಂತ ಜಾಸ್ತಿ ಆದರೆ ಪೆಟ್ಟಿಗೆ ಒಪ್ಪದ ಹಾಗೆ ಮಾಡಿಕೊಡಬೇಕಂತೆ. ಮುಂದಿನ ವಾರ ಉಡುಪಿಗೆ ಹೋದಾಗ ಅದನ್ನು ಹಾಕುತ್ತೇನೆ, ಸೆಲ್ಲುಗಳನ್ನೂ ಬದಲಿಸುತ್ತೇನೆ.